ಹೊರಗಿನ ಯೂನಿಟ್ಟಿನ ಹೊದಿಕೆ

ಅವರ ಟೂಲ್ ಬ್ಯಾಗಿನ ಹರಿದ ಪಟ್ಟಿಗೆ ಮೂರು ಸೇಫ್ಟಿ ಪಿನ್ ಚುಚ್ಚಿರುತ್ತಿದ್ದವು. ನಮ್ಮ ಕತ್ರಿಗುಪ್ಪೆಯ ಮನೆಗೆ ಪಕ್ಕದ ಶ್ರೀನಗರದಿಂದ ಬರುತ್ತಿದ್ದ ಎಸಿ ಮೆಕ್ಯಾನಿಕ್ ಅವರು. ಯಾವ ಯಂತ್ರ ಕೆಟ್ಟರೂ ಮೊದಲು ಅದರ ಮೇಲೆ ಅಂಗೈಯಿಟ್ಟು, "ಯಾರ ತಪ್ಪೂ ಇಲ್ಲ ಬಿಡಿ, ಬೇಸಿಗೆ" ಎನ್ನುತ್ತಿದ್ದರು.

ಅಪ್ಪ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ವಾರ ಎಸಿ ತಂಪು ಮಾಡುವುದನ್ನೇ ನಿಲ್ಲಿಸಿತು. ಸೆಖೆಗೆ ಅಪ್ಪನಿಗೆ ಎರಡು ದಿನ ನಿದ್ದೆಯಿಲ್ಲ. ಮೆಕ್ಯಾನಿಕ್ ಫಿಲ್ಟರ್ ನೋಡಿ, ಬಾಲ್ಕನಿಗೆ ಹೋಗಿ, ಅಲ್ಲೇ ನಿಂತುಬಿಟ್ಟರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಮ್ಮ ಹಳೇ ಸೀರೆಯಲ್ಲಿ ಹೊರಗಿನ ಯೂನಿಟ್ಟಿಗೊಂದು ಹೊದಿಕೆ ಹೊಲಿದು ತೊಡಿಸಿದ್ದರು, ಮಿಕ್ಸಿಗೆ, ಟಿವಿಗೆ ಹೊಲಿದ ಹಾಗೆಯೇ. ಬಿಸಿಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

"ಧೂಳು ಕೂರತ್ತಲ್ಲಾ ಅಂತ ಹಾಕ್ದೆ. ನನ್ನಿಂದಾನೇ ಅವ್ರಿಗೆ ನಿದ್ದೆ ಇಲ್ದಂಗಾಯ್ತಾ?" ಅಮ್ಮನ ದನಿ ಒಡೆಯಿತು.

ಮೆಕ್ಯಾನಿಕ್ ಹೊದಿಕೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅಮ್ಮನ ಕೈಗಿಟ್ಟರು.

"ಯಾರ ತಪ್ಪೂ ಇಲ್ಲ ಬಿಡೀಮ್ಮ, ಬೇಸಿಗೆ. ಹೊಲಿಗೆ ಮಾತ್ರ ಸಖತ್ತಾಗಿದೆ. ನನ್ ಬ್ಯಾಗಿಗಿಲ್ಲ ನೋಡಿ ಈ ಭಾಗ್ಯ!"

ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ಸಂಜೆಯ ಹೊತ್ತಿಗೆ ಅಪ್ಪ ಗೊರಕೆ ಹೊಡೆಯುತ್ತಿದ್ದರು.

ಮರುದಿನ ಬೆಳಿಗ್ಗೆ, ಯಾರಿಗೂ ನಾನಾಗಿಯೇ ಫೋನ್ ಮಾಡದ ನಾನು ಮೆಕ್ಯಾನಿಕ್‌ಗೆ ಫೋನ್ ಮಾಡಿ, ಈ ಕಡೆ ಬಂದಾಗ ಬ್ಯಾಗ್ ಕೊಟ್ಟು ಹೋಗಿ ಎಂದೆ.