ವೇದಿಕೆಯ ಮೇಲೆ ಅಳದ ತಮಾಮ್

ತಮಾಮ್‌ಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳು ಕೂಗಾಡುತ್ತಿದ್ದಾಳೆ ಅಂದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಮೊಮ್ಮಕ್ಕಳು ಟೀವಿ ಜೋರು ಮಾಡಿರುತ್ತಾರೆ, ಇಲ್ಲವೇ ಮಾಂಸದಂಗಡಿಯವನು ಬರೀ ಕೊಬ್ಬು ಕಟ್ಟಿಕೊಟ್ಟಿರುತ್ತಾನೆ. ಪಿಸುದನಿಯಲ್ಲಿ ಶುರು ಮಾಡಿದಳೋ, ನಮ್ಮ ಬೀದಿಯ ಹೆಂಗಸರೆಲ್ಲ ಒಲೆಯ ಮೇಲಿಟ್ಟು ಬಂದದ್ದು ನೆನಪಾಗಿ ಎದ್ದುಬಿಡುತ್ತೇವೆ. ಈಚೆಗಿನ ವರ್ಷಗಳಲ್ಲಿ ಅವಳು ಪಿಸುದನಿಯಲ್ಲಿ ಆಡಿದ್ದೇ ಹೆಚ್ಚು. ಅದಕ್ಕೆ ಕಾರಣರಾದವರು ಅಮೆರಿಕದವರಲ್ಲ. ನಾವೇ ಎತ್ತಿ ಆಡಿಸಿದವರು.

ಅವಳ ಊರು ಐನ್ ತೂತ್, ದಕ್ಷಿಣ ಲೆಬನಾನಿನ ಹೊಗೆಸೊಪ್ಪಿನ ಹೊಲಗಳ ನಡುವಿನ ಹಳ್ಳಿ. ನನ್ನದೂ ಅದೇ. ಯುದ್ಧ ಹೊತ್ತಿಕೊಂಡಾಗ ಗಂಡನನ್ನೂ ಕೈಗೂಸು ನಾಯಿಫ್‌ನನ್ನೂ ಕಟ್ಟಿಕೊಂಡು ಅಮೆರಿಕದ ಡಿಯರ್‌ಬಾರ್ನ್‌ಗೆ ಬಂದಳು. ಗಂಡ ಕಾರು ಕಾರ್ಖಾನೆಯ ಕುಲುಮೆಯಲ್ಲಿ ಕಬ್ಬಿಣ ಕರಗಿಸುವ ಕೆಲಸಕ್ಕೆ ಸೇರಿದ. ಅವಳು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆದಳು. ಪಕ್ಕದ ಮನೆಯಲ್ಲಿದ್ದವಳು ವದಾದ್, ಅದೇ ಊರಿನವಳು, ಲಂಗ ಹಾಕುವ ಕಾಲದ ಗೆಳತಿ. ವದಾದ್‌ಳ ಗಂಡ ಬೇಗ ತೀರಿಕೊಂಡ. ಅವಳು ರಾತ್ರಿಪಾಳಿಯಲ್ಲಿ ಆಸ್ಪತ್ರೆಯ ನೆಲ ಒರೆಸಿ ಮಗ ಜಲಾಲ್‌ನನ್ನು ಓದಿಸಿದಳು. ತಾಯಿ ಕೆಲಸಕ್ಕೆ ಹೋದಾಗ ಜಲಾಲ್ ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು ತಮಾಮ್ ಮನೆಯಲ್ಲಿ. ನಾಯಿಫ್‌ಗೂ ಅವನಿಗೂ ಒಂದೇ ತಟ್ಟೆ.

ತಮಾಮ್ ಸತ್ತವರಿಗಾಗಿ ಹಾಡಿ ಅಳುವವಳು. ಹೊಗೆಸೊಪ್ಪಿನ ಎಲೆಗಳನ್ನು ಉದ್ದನೆಯ ಸೂಜಿಗೆ ಪೋಣಿಸುತ್ತ ಕೂತಾಗ ಅವಳ ಅಜ್ಜಿ ಅದನ್ನು ಕಲಿಸಿದ್ದಳು. ಬಾಯಿಪಾಠದ ಹಾಡಲ್ಲ ಅದು. ಸಾವಿನ ಸುದ್ದಿ ಬಂದೊಡನೆ ಅವಳು ಆ ಮನೆಯ ಹೆಂಗಸರ ಹತ್ತಿರ ಹೋಗಿ ಕೂರುತ್ತಿದ್ದಳು. ಸತ್ತವನು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದ, ಯಾರ ಮೇಲೆ ಮುನಿದಿದ್ದ, ಯಾವ ಮಗುವನ್ನು ಕದ್ದು ಮುದ್ದಿಸುತ್ತಿದ್ದ ಎಂದು ಕೇಳಿಕೊಳ್ಳುತ್ತಿದ್ದಳು. ಎಲ್ಲರೂ ನೆರೆದಾಗ ಅದನ್ನು ಹಾಡಾಗಿ ಕಟ್ಟುತ್ತಿದ್ದಳು. ನಾವು ಎದೆ ಬಡಿದುಕೊಂಡು ದನಿಗೂಡಿಸುತ್ತಿದ್ದೆವು. ತನ್ನ ಗಂಡ ಹೋದಾಗ, "ಕಬ್ಬಿಣವನ್ನೇ ನೀರು ಮಾಡಿದ ಕೈಯೇ, ನನ್ನ ಕೈಯೊಳಗೆ ಹೆಂಗೆ ತಣ್ಣಗಾದೆ" ಎಂದು ಅತ್ತಳು. ಆಚೆ ಕೋಣೆಯಲ್ಲಿದ್ದ ಕುಲುಮೆಯ ಗಂಡಸರು ಗೋಡೆಗೆ ಮುಖ ತಿರುಗಿಸಿಕೊಂಡರು. ಹಿಮ, ಪಾಳಿಯ ಸೈರನ್ನು, ಪೆಟ್ರೋಲ್ ಬಂಕು ಎಲ್ಲವೂ ಅವಳ ಹಾಡಿಗೆ ಬಂದವು. ಅಜ್ಜಿಯ ಬಾಯಲ್ಲಿ ಅವು ಇರಲಿಲ್ಲ. ಆದರೂ ಅದು ಅಜ್ಜಿಯ ಹಾಡೇ.

ನಾಯಿಫ್ ದೊಡ್ಡವನಾಗಿ ಡೆಟ್ರಾಯಿಟ್‌ನ ಬಂಕೊಂದರಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ದರೋಡೆಗೆ ಬಂದವರು ಅವನಿಗೆ ಗುಂಡು ಹಾರಿಸಿ ಕೊಂದರು. ಅವನ ಮಗಳು ರಬಾಬ್ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಹೆತ್ತವಳು ತಾನೇ ಹಾಡಬಾರದು, ಎದೆ ಒಡೆಯುತ್ತದೆ ಎಂದು ಹಿರಿಯರು ತಡೆದರು. ತಮಾಮ್ ಕೇಳಲಿಲ್ಲ, ಹಾಡಿದಳು. ಊರಲ್ಲಿದ್ದ ನಾಯಿಫ್‌ನ ಅಜ್ಜಿಗೆ ಕಳಿಸಲೆಂದು ವದಾದ್ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಳು. ಆಗೆಲ್ಲ ಹಾಗೇ ಕಳಿಸುತ್ತಿದ್ದೆವು. ಅದರದೊಂದು ಪ್ರತಿ ವದಾದ್‌ಳ ಬೀರುವಿನಲ್ಲಿ ಉಳಿಯಿತು.

ಆಮೇಲೆ ನಮ್ಮವರ ಕೈಯಲ್ಲಿ ದುಡ್ಡಾಡಿತು. ಎಲ್ಲರೂ ಸೇರಿ ದೊಡ್ಡ ಸಮುದಾಯ ಭವನ ಕಟ್ಟಿದರು. ಗೋಡೆಯ ಅಮೃತಶಿಲೆಯ ಮೇಲೆ ದಾನಿಗಳ ಹೆಸರು, ಕಾಲು ಹೂತುಹೋಗುವಂಥ ಜಮಖಾನೆ. ಹಲ್ಲಿನ ಡಾಕ್ಟರಾಗಿದ್ದ ಜಲಾಲ್ ಅದರ ಅಧ್ಯಕ್ಷನಾದ. ಮದುವೆಯೂ ಅಲ್ಲೇ, ಸಾವಿನ ಸಭೆಯೂ ಅಲ್ಲೇ. ಒಮ್ಮೆ ನಮ್ಮ ಬೀದಿಯ ಮುದುಕಿಯೊಬ್ಬಳು ತೀರಿಕೊಂಡಾಗ ಹೆಂಗಸರ ಕೋಣೆಯಲ್ಲಿ ತಮಾಮ್ ಹಾಡು ಎತ್ತಿದಳು. ನಾವು ದನಿಗೂಡಿಸುವಷ್ಟರಲ್ಲಿ ಜಲಾಲ್ ಬಾಗಿಲಿಗೆ ಬಂದು ನಿಂತ. ಅವನು ಅವಳನ್ನು ಕರೆಯುತ್ತಿದ್ದದ್ದೇ ಖಾಲ್ತಿ ಎಂದು, ತಾಯಿಯ ಒಡಹುಟ್ಟಿದವಳನ್ನು ಕರೆದ ಹಾಗೆ.

"ಖಾಲ್ತಿ, ಸ್ವಲ್ಪ ಮೆಲ್ಲಗೆ."

"ಸತ್ತೋಳು ಮೊದ್ಲೇ ಕಿವುಡಿ, ಜಲಾಲ್. ಮೆಲ್ಲಗಂದ್ರೆ ಅವಳಿಗೆ ಕೇಳಾಕಿಲ್ಲ."

"ಆ ಕಡೆ ಮೇಯರ್ ಬಂದಿದಾರೆ. ಒಳಗೆ ಏನೋ ಹೊಡೆದಾಟ ಆಗ್ತಿದೆ ಅಂದ್ಕೊಂಡ್ರು ಪಾಪ. ನಮ್ಮನ್ನ ಕಾಡುಜನ ಅಂದ್ಕೊಳ್ಳೋದು ಬೇಡ."

"ಅವರವ್ವ ಸತ್ತಾಗ ಅವ್ರೇನ್ ಮಾಡಿದ್ರಂತೆ? ಕಾಫಿ ಕುಡ್ಕೊಂಡು ಮನೆಗೋದ್ರಾ?"

ಜಲಾಲ್ ನಗಲಿಲ್ಲ. ಮುಂದಿನ ವಾರ ಹೆಂಗಸರ ಕೋಣೆಯ ಬಾಗಿಲಿಗೆ ಹಲಗೆ ಬಿತ್ತು: ಜೋರಾಗಿ ಅಳಬಾರದು, ಸಭೆಯ ಮರ್ಯಾದೆ ಕಾಪಾಡಿ. ತಮಾಮ್‌ಳ ಸಿಟ್ಟು ಆ ಹಲಗೆಯ ಮೇಲಿರಲಿಲ್ಲ. ಅದನ್ನು ಓದಿ ಬಾಯಿ ಮುಚ್ಚಿಕೊಂಡು ಕೂತ ನಮ್ಮ ಮೇಲಿತ್ತು. "ನಿಮ್ಮ ಅತ್ತೆದೀರು ಬಾಯ್ಮುಚ್ಚು ಅಂದಾಗ ಮುಚ್ಚಿದ್ರೇನ್ರೇ ಯಾವತ್ತಾದ್ರೂ?" ಎಂದು ಕೇಳಿದಳು, ಪಿಸುದನಿಯಲ್ಲಿ. ಅಂದಿನಿಂದ ನಮ್ಮ ಸತ್ತವರು ಕಾಗದದ ಕರವಸ್ತ್ರದ ಡಬ್ಬಿಗಳ ನಡುವೆ ಸದ್ದಿಲ್ಲದೆ ಹೊರಟುಹೋದರು.

ಹೀಗಿರುವಾಗ ಭವನದಿಂದ ಒಬ್ಬ ಹುಡುಗಿ ತಮಾಮ್ ಮನೆಗೆ ಬಂದಳು. ಅವತ್ತು ನಾನೂ ಅಲ್ಲೇ ಇದ್ದೆ. ದ್ರಾಕ್ಷಿ ಎಲೆಗೆ ಅಕ್ಕಿ, ಕೈಮ ತುಂಬಿ ಸುತ್ತುತ್ತಿದ್ದೆವು. ಹುಡುಗಿ ಒಳ್ಳೆಯವಳೇ, ಕೈಯಲ್ಲಿ ಸಿಹಿಯ ಪೊಟ್ಟಣ ತಂದಿದ್ದಳು.

"ಖಾಲ್ತಿ, ಭವನದಲ್ಲಿ ಅರಬ್ ಪರಂಪರೆ ಉತ್ಸವ ಮಾಡ್ತಿದೀವಿ. ನೀವು ವೇದಿಕೆ ಮೇಲೆ ಒಂದು ಅಳುಹಾಡು ಹಾಡ್ಬೇಕು. ಜಲಾಲ್ ಸರ್ ತಾವೇ ಹೇಳಿ ಕಳಿಸಿದಾರೆ."

"ಯಾರ್ ಸತ್ತವ್ರೆ?"

"ಯಾರೂ ಇಲ್ಲ."

"ಮತ್ತೆ ನಾನು ಯಾರಿಗೆ ಅಳ್ಲಿ?"

"ಬಂದೋರು ಕೇಳ್ಲಿ ಅಂತ."

"ಬಂದೋರ ಮನೇಲಿ ಯಾರಾದ್ರೂ ಸತ್ತವ್ರಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಎಲೆ ಸುತ್ತುತ್ತಲೇ ಇದ್ದೆ.

"ಅದು ಹಾಗಲ್ಲ ಖಾಲ್ತಿ. ಇದು ನಮ್ಮ ಪರಂಪರೆ, ಉಳಿಸ್ಕೋಬೇಕು. ನಿಮಗೆ ಕಸೂತಿ ಹಾಕಿದ ಬಟ್ಟೇನೂ ನಾವೇ ಕೊಡ್ತೀವಿ. ಬಹಳ ಹೊತ್ತೇನಿಲ್ಲ, ಊಟಕ್ಕೆ ಮುಂಚೆ ಸ್ವಲ್ಪ."

ತಮಾಮ್ ಕೈ ಒರೆಸಿಕೊಂಡಳು. ಅವಳ ದನಿ ಇಳಿಯಿತು. "ನೋಡಮ್ಮಿ. ಹೆಣದ ಮುಂದೆ ಅತ್ರೆ ನಾನು ಕಾಡುಜನ. ದೀಪ ಹಾಕಿ, ಬಟ್ಟೆ ತೊಡಿಸಿ, ಊಟಕ್ಕೆ ಮುಂಚೆ ಅಳಿಸಿದ್ರೆ ಪರಂಪರೆ. ಹಂಗಂತ ಹೋಗಿ ನಿಮ್ಮ ಸಾರ್‌ಗೆ ಹೇಳು. ಆ ಸಿಹಿ ಎತ್ಕೊಂಡೋಗು."

ಉತ್ಸವ ನಿಲ್ಲಲಿಲ್ಲ. ಭವನದ ಅಂಗಳದಲ್ಲಿ ಕಪ್ಪು ಗುಡಾರ ಹಾಕಿಸಿ, ಬಾಡಿಗೆಗೆ ತಂದ ಒಂಟೆಯನ್ನು ಕಟ್ಟಿದ್ದರು. ಐನ್ ತೂತ್‌ನಲ್ಲಿ ಒಂಟೆ ಕಂಡವರು ಯಾರೂ ಇಲ್ಲ. ನಮ್ಮದು ಕತ್ತೆಗಳ ಊರು. ಮೊಮ್ಮಗಳು ರಬಾಬ್ ಕುಣಿತದ ತಂಡದಲ್ಲಿದ್ದಳು ಅನ್ನುವ ಒಂದೇ ಕಾರಣಕ್ಕೆ ತಮಾಮ್ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬಡಿಸುವವರ ಜೊತೆಯಲ್ಲಿದ್ದೆ. ಕುಣಿತ ಮುಗಿದು ಊಟದ ತಟ್ಟೆಗಳು ಹೊರಟಿದ್ದವು, ಮಕ್ಕಳಿನ್ನೂ ವೇದಿಕೆಯ ಮೇಲೇ ಇದ್ದರು. ಆಗ ದೀಪಗಳು ನೀಲಿಯಾದವು. ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ ಎದ್ದಿತು, ಹಿಂದೆ ಯಾರೋ ಸೇರಿಸಿದ ತಮಟೆಯ ಬಡಿತ.

"ಬಾಗಿಲಲ್ಲೇ ಬೂಟು ಬಿಟ್ಟೆಯಲ್ಲೋ ನಾಯಿಫ್, ಒಳಕ್ಕೆ ಬರೋದ ಮರೆತೆಯಲ್ಲೋ."

ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಟ್ಟೆನೋ ನನಗೆ ನೆನಪಿಲ್ಲ. ಅದು ತಮಾಮ್‌ಳದೇ ದನಿ, ಮಗನ ಹೆಣದ ಮುಂದಿನದು. ಜನ ಕಬಾಬು ಮುರಿದು ತಿನ್ನುತ್ತಿದ್ದರು. ಬಿಳಿಯ ಹೆಂಗಸೊಬ್ಬಳು ನನ್ನ ತೋಳು ಮುಟ್ಟಿ, ಬಹಳ ಚೆನ್ನಾಗಿದೆ, ಇದು ಪ್ರೇಮಗೀತೆಯಾ ಎಂದು ಕೇಳಿದಳು. ವೇದಿಕೆಯ ಮೇಲೆ ರಬಾಬ್ ನಿಂತಲ್ಲೇ ಕಲ್ಲಾಗಿದ್ದಳು. ಅಪ್ಪನ ಹೆಸರನ್ನು ಅಜ್ಜಿ ಹೀಗೆ ಕರೆದದ್ದನ್ನು ಆ ಮಗು ಅದುವರೆಗೂ ಕೇಳಿರಲಿಲ್ಲ; ತಮಾಮ್ ಆ ಹಾಡನ್ನು ಮತ್ತೊಮ್ಮೆ ಬಾಯಿಗೆ ತಂದಿರಲಿಲ್ಲ.

ತಮಾಮ್ ಎದ್ದಳು. ಮೇಜುಗಳ ನಡುವೆ, ಆತುರವಿಲ್ಲದೆ, ಧ್ವನಿಯ ಪೆಟ್ಟಿಗೆಯ ಹತ್ತಿರ ಹೋಗಿ ಕೈಗೆ ಸಿಕ್ಕಿದ ವೈರುಗಳನ್ನೆಲ್ಲ ಕಿತ್ತಳು. ಹಾಡು ಅರ್ಧಕ್ಕೇ ನಿಂತಿತು. ಜಲಾಲ್ ಮುಂದಿನ ಮೇಜಿನಿಂದ ಓಡಿಬಂದ.

"ಖಾಲ್ತಿ, ದಯವಿಟ್ಟು. ಎಲ್ರೂ ನೋಡ್ತಿದಾರೆ."

"ನೋಡ್ಲಿ. ನೋಡೋಕೆ ತಾನೆ ಕರ್ದಿದ್ದು ನೀನು?"

"ನಿಮ್ಮ ಗೌರವಕ್ಕೇ ಅಂತ ಮಾಡಿದ್ದು ಇದು. ಇಲ್ದಿದ್ರೆ ಇವೆಲ್ಲ ಕಳೆದುಹೋಗುತ್ತವೆ."

"ಎಲ್ಲೂ ಕಳೆದೋಗಿರ್ಲಿಲ್ಲ ಕಣ್ಲಾ. ನಿನ್ನ ಭವನದ ಒಳ್ಗೇ ಇತ್ತು. ಹಲಗೆ ಹೊಡ್ದು ಹೊರ್ಗಾಕ್ದೋನು ನೀನು." ಅವಳ ದನಿ ಎಷ್ಟು ಇಳಿದಿತ್ತೆಂದರೆ ನಾನು ಹತ್ತಿರ ಹೋಗಿ ಕೇಳಬೇಕಾಯಿತು. "ನನ್ನ ಮಗನ ಜೊತೆ ಒಂದೇ ತಟ್ಟೇಲಿ ಉಂಡೋನು. ಅವನ ಹೆಸ್ರು ಕೇಳಿದಾಗ ಬಾಯಲ್ಲಿದ್ದ ತುತ್ತು ಹೆಂಗ್ಲಾ ಇಳೀತು ನಿಂಗೆ?"

ಜಲಾಲ್‌ನ ಮುಖ ಕೆಂಪಗಾಯಿತು. ತಮಾಮ್ ವೇದಿಕೆ ಹತ್ತಿ ರಬಾಬ್‌ಳ ಕೈ ಹಿಡಿದು ಇಳಿಸಿಕೊಂಡು ಮನೆಗೆ ಹೋದಳು. ಮುದುಕಿಗೆ ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಭವನದವರು ಅತಿಥಿಗಳಿಗೆ ಹೇಳಿದರಂತೆ. ಕ್ಷಮೆ ಕೇಳಲಿ ಎಂದು ಆಡಳಿತ ಮಂಡಳಿಯಲ್ಲಿ ಯಾರೋ ಅಂದರಂತೆ. ಅದನ್ನು ಅವಳಿಗೆ ಮುಟ್ಟಿಸುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ವದಾದ್ ಆಗ ಹಾಸಿಗೆ ಹಿಡಿದಿದ್ದಳು. ವಿಷಯ ತಿಳಿದು ಹೇಳಿ ಕಳಿಸಿದಳು. ತಮಾಮ್ ಜೊತೆ ನಾನೂ ಹೋದೆ.

"ಆ ಕ್ಯಾಸೆಟ್ಟು ನಾನ್ ಕೊಡ್ಲಿಲ್ಲ ಕಣೆ ತಮಾಮ್. ಔಷಧಿ ಕುಡ್ದು ಮಲಗಿದ್ದಾಗ ಬೀರು ತೆಗ್ದು ತಗೊಂಡೋಗವ್ನೆ."

"ಗೊತ್ತು ಬಿಡು."

"ಹೆತ್ತ ಹೊಟ್ಟೆ ಉರೀತದೆ. ಹಿಂಗಾಗ್ಲಿ ಅಂತ ನೆಲ ಒರೆಸ್ದೆನಾ ನಾನು?" ವದಾದ್ ಉಸಿರೆಳೆದುಕೊಂಡಳು. "ನಾನ್ ಸತ್ರೆ ಆ ಜಮಖಾನೆ ಮೇಲೆ ಸುಮ್ಕೆ ಮಲಗಿಸ್ಬೇಡಿ ನನ್ನ. ನೀನೇ ಹಾಡ್ಬೇಕು."

"ಸಾಯೋ ಮಾತು ಆಮೇಲಾಡೂವಂತೆ. ಈಗ ಬಾಯ್ ತೆಗಿ, ಸಾರು ಆರೋಯ್ತದೆ."

ಆ ಚಳಿಗಾಲದಲ್ಲೇ ತಮಾಮ್ ತನ್ನ ಮನೆಯ ಕಾರಿನ ಶೆಡ್ಡನ್ನು ಖಾಲಿ ಮಾಡಿಸಿದಳು. ಸಾವಾದ ಮನೆಯ ಹೆಂಗಸರು ಭವನದ ಸಭೆ ಮುಗಿಸಿಕೊಂಡು ಅಲ್ಲಿಗೆ ಬರತೊಡಗಿದರು. ಸೀಮೆಎಣ್ಣೆಯ ಒಲೆ, ಮಡಚುವ ಕುರ್ಚಿಗಳು. ಬಾಗಿಲಲ್ಲೇ ಫೋನು ಇಟ್ಟು ಬರಬೇಕು. ಒಳಗೆ ಎಷ್ಟು ಜೋರಾಗಿ ಬೇಕಾದರೂ ಅಳಬಹುದು. ರಬಾಬ್ ಬಂದು ಕಲಿಸು ಅಂದಾಗ, "ಕುಣಿಯೋಕೆ ಹೋಗು, ನೀಲಿ ದೀಪ ಹಾಕ್ತಾರೆ" ಎಂದು ಬೈದು ಕಳಿಸಿದಳು. ಹುಡುಗಿ ಹೋಗಲಿಲ್ಲ, ಕುರ್ಚಿ ಹಾಕುತ್ತ ಅಲ್ಲೇ ಉಳಿದಳು. ನಾಲ್ಕಾರು ಸಾವುಗಳಾದ ಮೇಲೆ ಒಂದು ದಿನ ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮೊಮ್ಮಗಳ ದನಿ ಸೇರಿತು. ತಮಾಮ್ ತಡೆಯಲಿಲ್ಲ.

ಹಿಮ ಕರಗುವ ಹೊತ್ತಿಗೆ ವದಾದ್ ಹೋದಳು. ನಮ್ಮಲ್ಲಿ ಹೆಣ್ಣುಹೆಣವನ್ನು ಹೆಂಗಸರೇ ಮೀಯಿಸಬೇಕು. ತಮಾಮ್, ರಬಾಬ್, ನಾನು ಭವನದ ಹಿಂದಿನ ಕೋಣೆಗೆ ಹೋದೆವು. ತಮಾಮ್ ಬಾಗಿಲು ಹಾಕಿ ಅಗಳಿ ಹಾಕಿದಳು. ಬೆಚ್ಚನೆಯ ನೀರು ಹೊಯ್ಯುತ್ತ, ಗೆಳತಿಯ ಬೆರಳುಗಳನ್ನು ಒಂದೊಂದಾಗಿ ತೊಳೆಯುತ್ತ ಹಾಡಿದಳು. ಅಲ್ಲಿ ಏನು ಹಾಡಿದಳೆಂದು ನಾನು ಇಲ್ಲಿ ಹೇಳುವುದಿಲ್ಲ. ನಾವು ಅಳುತ್ತ ನೀರು ತುಂಬಿಕೊಟ್ಟೆವು, ಬಿಳಿಬಟ್ಟೆ ಸುತ್ತಿದೆವು.

ಬಾಗಿಲು ತೆಗೆದಾಗ ಜಲಾಲ್ ಹೊರಗೆ ನಿಂತಿದ್ದ. ಕ್ಷೌರವಾಗಿರಲಿಲ್ಲ, ಕಣ್ಣು ಊದಿತ್ತು.

"ಖಾಲ್ತಿ, ಒಳಗೆ ಹಲಗೆ ತೆಗೆಸಿದೀನಿ. ಎಲ್ರಿಗೂ ಹೇಳಿದೀನಿ. ಅಮ್ಮನಿಗೆ ಹಾಡಿ, ಎಷ್ಟು ಹೊತ್ತಾದ್ರೂ ಸರಿ."

"ಹಾಡಾಯ್ತು."

"ಯಾವಾಗ?"

"ಈಗ. ಮೀಯಿಸೋವಾಗ."

ಅವನು ಗೋಡೆಗೆ ಕೈಯಿಟ್ಟುಕೊಂಡ. "ನಾನು ಕೇಳ್ಲೇ ಇಲ್ವಲ್ಲ. ಏನಂತ ಹಾಡಿದ್ರಿ? ಅಮ್ಮನ ಬಗ್ಗೆ ಏನಂದ್ರಿ?"

"ಅವಳಿಗೆ ಹೇಳ್ದೆ."

"ನಂಗೂ ಹೇಳಿ, ಖಾಲ್ತಿ. ನಾನು ಅವಳ ಮಗ."

"ನಾನೂ ಒಬ್ನ ತಾಯಿ," ಎಂದಳು ತಮಾಮ್. ಒದ್ದೆ ತೋಳುಗಳನ್ನು ನಿಲುವಂಗಿಗೆ ಒರೆಸಿಕೊಂಡು ಅವನನ್ನು ದಾಟಿ ಹೋದಳು. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಳು, ಬಾಯಿ ತೆರೆಯಲಿಲ್ಲ. ಅಳಬಹುದೆಂದು ಅಪ್ಪಣೆಯಾಗಿದ್ದ ಆ ಭವನದಲ್ಲಿ ಅವತ್ತು ಅತ್ತವನು ಜಲಾಲ್ ಒಬ್ಬನೇ. ಅಳಲು ಬಾರದವನ ಹಾಗೆ, ಬಿಕ್ಕಿ ಬಿಕ್ಕಿ, ಯಾರ ಹೆಸರೂ ಇಲ್ಲದೆ ಅತ್ತ.

ಈಗಲೂ ಶೆಡ್ಡಿನಲ್ಲಿ ಹಾಡು ನಡೆಯುವ ದಿನಗಳಲ್ಲಿ ಅವನ ಕಾರು ಕೆಲವೊಮ್ಮೆ ತಮಾಮ್ ಮನೆಯೆದುರು ನಿಲ್ಲುತ್ತದೆ. ಗಾಜು ಇಳಿಸಿಕೊಂಡು ಕೂತಿರುತ್ತಾನೆ. ರಬಾಬ್ ಒಮ್ಮೆ ಕಾಫಿ ಕೊಟ್ಟು ಬರಲೇ ಎಂದು ಕೇಳಿದಳು. "ಕೊಡು, ಚಳಿ ಐತೆ," ಅಂದಳು ತಮಾಮ್, "ಒಳಕ್ಕೆ ಮಾತ್ರ ಕರೀಬೇಡ." ಇಷ್ಟು ವರ್ಷಕ್ಕೂ ಸಿಟ್ಟು ಇಳಿಯಬಾರದೇ ಎಂದು ಬೀದಿಯ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ನಾನೂ ಅವನ ಕಾರಿನ ಕಡೆ ತಿರುಗಿ ನೋಡದೆ ಶೆಡ್ಡಿಗೆ ಹೋಗುತ್ತೇನೆ.