ಗೋಡೆಯ ಮೇಲಿನ ಹನ್ನೊಂದು ಬೊಟ್ಟು

ಮಳವಳ್ಳಿಯ ಈ ಮನೆಯನ್ನು ನಾಳೆ ಖಾಲಿ ಮಾಡಬೇಕು. ಮೊಳೆಯ ತೂತುಗಳು ಕಾಣದಿರಲೆಂದು ಟೂತ್‌ಪೇಸ್ಟನ್ನು ಬೆರಳ ತುದಿಯಲ್ಲಿ ತೆಗೆದು ಗೋಡೆಗೆ ಒತ್ತುತ್ತಿದ್ದೆ. ಆ ಪುದೀನದ ವಾಸನೆಗೆ ಮಂಡ್ಯದ ಓನರ್ ಆಂಟಿ ನೆನಪಾದರು...

ಆರು ವರ್ಷದ ಹಿಂದೆ, ಮೊದಲ ಕೆಲಸ ಸಿಕ್ಕಾಗ, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಸೇರಿದ್ದೆ. ಅಡ್ವಾನ್ಸ್ ನಲವತ್ತು ಸಾವಿರ. ಗೋಡೆಗೆ ಒಂದು ಮೊಳೆ ಬಿದ್ದರೂ ಇಡೀ ಮನೆಗೆ ಸುಣ್ಣ ಹೊಡೆಸುವ ಖರ್ಚನ್ನು ಅದರಲ್ಲಿ ಮುರಿದುಕೊಳ್ಳುವುದಾಗಿ ಅವರ ಯಜಮಾನರು ಕೀ ಕೊಡುವಾಗಲೇ ಹೇಳಿದ್ದರು. ಆ ತಿಳಿಹಳದಿ ಸುಣ್ಣವನ್ನು ಅವರೇ ಮುಂದೆ ನಿಂತು ಹೊಡೆಸಿದ್ದರಂತೆ.

ಮೂರನೆಯ ದಿನ ಆಂಟಿ ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ನನ್ನ ಕೈಮೇಲೆ ಸೊಳ್ಳೆ ಕಚ್ಚಿದ ಗುರುತುಗಳನ್ನು ಕಂಡಿದ್ದರು.

"ನಾಲೆ ಪಕ್ಕದ ಮನೇಲಿ ಪರದೆ ಇಲ್ದೆ ಮನಗ್ತಿದ್ದೀಯಾ? ಒಡಿ ಮೊಳೆಯ. ಅವ್ರ ಗಾಡಿ ಓಯ್ತು, ಈಗ್ಲೇ ಒಡಿ."

ಸೊಳ್ಳೆಪರದೆಗೆ ನಾಲ್ಕು. ಆಮೇಲೆ ಕ್ಯಾಲೆಂಡರಿಗೆ, ಕನ್ನಡಿಗೆ, ಬಟ್ಟೆಯ ಹಗ್ಗಕ್ಕೆ... ಒಂಟಿ ಹುಡುಗಿಯ ಮನೆಯೆಂದು ಯಜಮಾನರು ಮೇಲೆ ಬರುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊಳೆ ಹನ್ನೊಂದಾದವು.

ಮಳವಳ್ಳಿಗೆ ವರ್ಗವಾದಾಗ ಹನ್ನೊಂದೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಇಲ್ಲಿನ ಮನೆಗೆ ಮರುದಿನ ಸಂಜೆಯೊಳಗೆ ಅಷ್ಟೇ ಅಡ್ವಾನ್ಸ್ ಕಟ್ಟಬೇಕಿತ್ತು. ಸ್ವಲ್ಪ ಕಡಿಮೆಯಾದರೂ ಮನೆ ಕೈತಪ್ಪುತ್ತಿತ್ತು. ಊರಿನಲ್ಲಿ ಅಪ್ಪನನ್ನು ಕೇಳಲು ನನಗೆ ಇಷ್ಟವಿರಲಿಲ್ಲ.

ಯಜಮಾನರು ದುದ್ದದ ಗದ್ದೆಗೆ ಹೋದ ಮಧ್ಯಾಹ್ನ ಆಂಟಿ ಮೊಳೆಗಳನ್ನೆಲ್ಲ ಕಿತ್ತು, ಟೂತ್‌ಪೇಸ್ಟ್ ತಂದರು. ಹಳದಿ ಗೋಡೆಯಲ್ಲಿ ಬಿಳಿ ಎದ್ದು ಕಾಣುತ್ತದೆ ಎಂದೆ. ಕೆಳಗಿಳಿದು ಹೋಗಿ ಚಿಟಿಕೆ ಅರಿಶಿನ ತಂದು, ಡಬ್ಬಿಯ ಮುಚ್ಚಳದಲ್ಲಿ ಎರಡನ್ನೂ ಕಲಸಿದರು. ಬಣ್ಣ ಸರಿಯಾಗಿ ಹೊಂದಿತು. ಎಲ್ಲವನ್ನೂ ಮುಚ್ಚಿ, ದೂರ ನಿಂತು ನೋಡಿ, "ಮನೆದೇವ್ರೇ ಬಂದ್ರೂ ಕಂಡಿಡಿಯಕಾಗಕಿಲ್ಲ ಬುಡು" ಎಂದರು.

ಅರಿಶಿನಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆಂದು ಆರತಿ ತಟ್ಟೆಗೆ ನೀರು ಕಲಸಿದ ಯಾವ ಹೆಂಗಸಿಗೂ ಗೊತ್ತು. ಅಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗಳ ಮೇಲೆ ಹನ್ನೊಂದು ಕೆಂಪು ಬೊಟ್ಟು, ಕುಂಕುಮ ಇಟ್ಟ ಹಾಗೆ.

ಆಂಟಿಯನ್ನು ಕೂಗಿದೆ. ಅವರ ಹಿಂದೆಯೇ ಯಜಮಾನರೂ ಬಂದರು. ಗೋಡೆಯಿಂದ ಗೋಡೆಗೆ ನಿಧಾನವಾಗಿ ಎಣಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

"ಮನೆ ಬುಟ್ಟೋಗೋ ಮಗೀಗೆ ಆರತಿ ಎತ್ತಾರೆ. ನೀನು ಗೋಡೆಗೆ ಎತ್ತಿದ್ದೀಯಲ್ಲಮ್ಮಿ," ಎಂದರು ಆಂಟಿಗೆ.

"ಮೊಳೆ ಒಡ್ಸಿದ್ದೂ ನಾನೇ. ನಮ್ಮಪ್ಪ ಮದ್ವೇಲಿ ನಿಮ್ಗೆ ಕೊಟ್ನಲ್ಲ ಅಡ್ವಾನ್ಸು, ಅದ್ರಲ್ಲಿ ಮುರ್ಕಳಿ."

"ಅದು ಆವತ್ತೇ ಸುಣ್ಣಕ್ಕೆ ಓಯ್ತು ಕಣಮ್ಮಿ."

ಜೇಬಿನಿಂದ ಲಕೋಟೆ ತೆಗೆದು ನನ್ನ ಕೈಗಿಟ್ಟರು. ನಲವತ್ತು ಸಾವಿರವೂ ಇತ್ತು. ಮೇಲೆ ಬರುವ ಮೊದಲೇ ಅಂಟಿಸಿದ್ದ ಲಕೋಟೆ ಅದು.

ಆಂಟಿ ಗೇಟಿನವರೆಗೂ ಬಂದು ಹೇಳಿದ್ದು ಒಂದೇ ಮಾತು: "ಅಲ್ಲಿ ಗೋಡೆ ಯಾವ್ ಬಣ್ಣ ಅಂತ ನೋಡ್ಕಂಡು ಮೊಳೆ ಒಡಿ ಕಣವ್ವ."

ಮಳವಳ್ಳಿಯಿಂದ ಮಂಡ್ಯ ದೂರವೇನಲ್ಲ. ಆದರೂ ಹೋಗಿಬರುವುದು ಮುಂದಕ್ಕೆ ಹೋಗುತ್ತಲೇ ಇತ್ತು... ಹೋದ ಶ್ರಾವಣದಲ್ಲಿ ಆಂಟಿ ತೀರಿಕೊಂಡರು. ಮಾತಾಡಿಸಲು ಹೋದಾಗ ಯಜಮಾನರು ಕೀ ತೆಗೆದುಕೊಂಡು ನನ್ನನ್ನು ಮಹಡಿಗೆ ಕರೆದೊಯ್ದರು. ಮನೆ ಖಾಲಿಯಿತ್ತು, ಹೊಸ ಸುಣ್ಣದ ವಾಸನೆ. ಕಿಟಕಿ ಪಕ್ಕದ ಗೋಡೆ ಮಾತ್ರ ಹಳೆಯದೇ. ಅದರ ಮೇಲೆ ಕನ್ನಡಿಯ ಬೊಟ್ಟು, ಕ್ಯಾಲೆಂಡರಿನ ಬೊಟ್ಟು, ಎರಡೂ ಕಂದಿ ಕಾಫಿಯ ಬಣ್ಣಕ್ಕೆ ತಿರುಗಿದ್ದವು.

"ಇದೊಂದ್ ಗೋಡೆ ಬುಟ್ಟಿವ್ನಿ ಕಣಮ್ಮ," ಎಂದರು.

ಇಲ್ಲಿನ ಗೋಡೆ ಬಿಳಿ. ಪೇಸ್ಟು ಒಣಗಿದ ಮೇಲೆ ಮೊಳೆ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಅರಿಶಿನ ಬೇಕಾಗಲಿಲ್ಲ.