ದೊರೆಯ ಸೋಫಾದಲ್ಲಿ ಚಿಕ್ಕಮ್ಮ

ಫ್ರೇಜರ್‌ಪೇಟೆಗೆ ಬಂದ ನಾಟಕ ಕಂಪನಿಯವರು ಮೊಣಕಾಲು ಮಡಚಲಾಗದ ನನ್ನ ಚಿಕ್ಕಮ್ಮನನ್ನು ನೆಲದ ಮೇಲೆ ಕೂರಿಸಲು ನೋಡಿದರು. ಇದು ಅನ್ಯಾಯ.

ಅವರ ಡೇರೆಯಲ್ಲಿ ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಚಾಪೆ, ಎಲ್ಲರ ಮುಂದಿನ ಸೋಫಾ ಎಸ್ಟೇಟಿನ ದೊರೆಗೆ. ದೊರೆ ಬಂದು ಕೂತ ಮೇಲೆಯೇ ಪರದೆ ಏಳಬೇಕು, ರಾಜನ ವೇಷದವನು ಮೊದಲು ಅವನಿಗೆ ಸಲಾಮು ಹೊಡೆಯಬೇಕು. ಅವತ್ತು ದೊರೆಯ ಸುಳಿವೇ ಇಲ್ಲ. ಜನ ಕಾದು ಕಾದು ಆಕಳಿಸುತ್ತಿದ್ದರು.

“ಇವರಿಗೊಂದು ಕುರ್ಚಿ ಕೊಡಿ ಮ್ಯಾನೇಜರೇ, ನೆಲದಲ್ಲಿ ಕೂತರೆ ಏಳಲಾರರು” ಎಂದೆ.

“ಹೆಂಗಸರ ಕಡೆ ಕುರ್ಚಿ ಹಾಕೋ ಪದ್ಧತಿ ಇಲ್ಲ ಸ್ವಾಮಿ. ಏಳೋಕೆ ಆಗದಿದ್ರೆ ಒಳ್ಳೇದೇ ಆಯ್ತು, ಪೂರ್ತಿ ನಾಟಕ ನೋಡ್ತಾರೆ.”

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮನನ್ನು ನಡೆಸಿಕೊಂಡು ಹೋಗಿ ಸೋಫಾದಲ್ಲೇ ಕೂರಿಸಿಬಿಟ್ಟೆ. ಪರದೆಯ ಸಂದಿಯಿಂದ ಇಣುಕುತ್ತಿದ್ದ ಕಂಪನಿಯ ಹುಡುಗನಿಗೆ ಸೋಫಾ ತುಂಬಿದ್ದಷ್ಟೇ ಕಂಡಿರಬೇಕು, ಗಂಟೆ ಹೊಡೆದೇಬಿಟ್ಟ. ಪರದೆ ಎದ್ದಿತು. ರಾಜ ಕಿರೀಟ ಬೀಳದಂತೆ ಹಿಡಿದುಕೊಂಡು ಬಗ್ಗಿ ಸಲಾಮು ಹೊಡೆದ.

“ಸಾಕಪ್ಪ, ಬೇಗ ಶುರು ಮಾಡು” ಎಂದರು ಚಿಕ್ಕಮ್ಮ.

ಮ್ಯಾನೇಜರ್ ಅವರನ್ನು ಎಬ್ಬಿಸಲು ಓಡಿ ಬಂದ. “ಅವರು ಎದ್ದರೆ ಪರದೆ ಇಳಿಸಬೇಕಾಗುತ್ತೆ ಕಣಯ್ಯಾ, ನಿಮ್ಮದೇ ಪದ್ಧತಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಮ್ಯಾನೇಜರ್ ದೊರೆಗೆ ತಂದಿದ್ದ ಹಾರವನ್ನು ಚಿಕ್ಕಮ್ಮನ ಕೊರಳಿಗೆ ಹಾಕಿದ.

ಕಂಪನಿಯವರು ಇನ್ನೂ ಡೇರೆ ಕಿತ್ತಿಲ್ಲ. ನಿಮ್ಮ ಮನೆಯಲ್ಲಿ ಕಾಲು ಮಡಚಲಾಗದವರಿದ್ದರೆ ನಾಳೆಯೇ ಕರೆತಂದು ಆ ಸೋಫಾದಲ್ಲಿ ಕೂರಿಸಿ. ದೊರೆ ಬಂದರೆ ಚಾಪೆ ತೋರಿಸಿ.